ಮುಪ್ಪಿನ ಕಣದಲ್ಲಿ ಹೊಳೆದದ್ದು ಪ್ರತಿಕಾಯವೇ?

ವಯಸ್ಸಾದವರ ಮಿದುಳಿನ ತೆಳುವಾದ ಸೀಳನ್ನು ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿ ಇಟ್ಟು ನೀಲಿ ಬೆಳಕು ಹಾಯಿಸಿದರೆ, ಯಾವ ಬಣ್ಣವನ್ನೂ ಹಾಕದಿದ್ದರೂ ನರಕೋಶದ ಒಂದು ಮಗ್ಗುಲಲ್ಲಿ ಹಳದಿ-ಕಿತ್ತಳೆ ಕಣಗಳ ಗೊಂಚಲು ಬೆಳಗುತ್ತದೆ. ಇದೇ ಲಿಪೊಫಸ್ಕಿನ್. ಕೋಶದ ಕಸವನ್ನು ಅರಗಿಸುವ ಚೀಲಗಳಾದ ಲೈಸೋಸೋಮುಗಳು ಅರಗಿಸಲಾರದೆ ಉಳಿಸಿಕೊಂಡ ಈ ಶೇಷದಲ್ಲಿ ಉತ್ಕರ್ಷಣಗೊಂಡ ಪ್ರೊಟೀನು ಮತ್ತು ಕೊಬ್ಬು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಕಬ್ಬಿಣ, ತಾಮ್ರಗಳೂ ತುಸು ಸೇರಿರುತ್ತವೆ. ವಿಭಜನೆಯಾಗದ ನರಕೋಶ ಮತ್ತು ಹೃದಯದ ಸ್ನಾಯುಕೋಶಗಳು ಇದನ್ನು ಮರಿಕೋಶಗಳಿಗೆ ಹಂಚಿ ಹಗುರಾಗಲಾರವು.

ಇದರೊಳಗೆ ಯಾವ ಪ್ರೊಟೀನಿದೆ ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಆನುವಂಶಿಕ ನರರೋಗವಾದ ಬ್ಯಾಟನ್ ಕಾಯಿಲೆಯ ಗುಂಪಿಗೆ ಸೇರಿದ ರೋಗವಿದ್ದ ಕುರಿಗಳ ಕೋಶಗಳಲ್ಲಿ ಶೇಖರವಾಗುವ, ಇದನ್ನೇ ಹೋಲುವ ವರ್ಣಕದ ಮುಖ್ಯ ಪ್ರೊಟೀನು ಮೈಟೋಕಾಂಡ್ರಿಯದಲ್ಲಿ ಕೋಶದ ಇಂಧನ ತಯಾರಿಸುವ ಎಟಿಪಿ ಸಿಂಥೇಸ್ ಎಂಬ ಕಿಣ್ವದ ‘ಸಿ’ ಉಪಘಟಕವೆಂದು 1989ರಲ್ಲಿ ತಿಳಿದುಬಂದ ಮೇಲೆ, ಅದನ್ನೇ ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳು (ಆ್ಯಂಟಿಬಾಡಿ) ರೋಗನಿರ್ಣಯಕ್ಕೂ ನೆರವಾದವು. ಅದೇ ಗುಂಪಿನ ಶೈಶವದ ರೂಪದಲ್ಲಿ ಮಾತ್ರ ಸಿಗುವುದು ಸಾಪೋಸಿನ್ ಎ ಮತ್ತು ಡಿ ಎಂಬ ಬೇರೆ ಪ್ರೊಟೀನುಗಳು. ಎರಡೂ ಕಣಗಳು ಹೊಳೆಯುತ್ತವೆ, ಆದರೆ ಒಳಗಿನ ಸರಕು ಬೇರೆ.

ತೊಡಕೆಂದರೆ, ನಾವು ಹುಡುಕುವ ಸಾಧನವೂ ಹೊಳಪು, ಹುಡುಕುವ ವಸ್ತುವಿನ ಸ್ವಭಾವವೂ ಹೊಳಪು. ಲಿಪೊಫಸ್ಕಿನ್ನಿನ ಹೊರಸೂಸುವಿಕೆ ಹಸಿರಿನಿಂದ ಕೆಂಪಿನವರೆಗೆ ಹರಡಿರುವುದರಿಂದ, ಹಸಿರು ಗುರುತಿನ ಪ್ರತಿಕಾಯ ಹಾಕಿದ ವಿದ್ಯಾರ್ಥಿಗೆ ಸೊಗಸಾದ ಚಿತ್ರವೇ ಸಿಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ಚಿತ್ರ ನೋಡುವ ಮೊದಲು ನಾನು ಕೇಳುವುದು ಅದೇ ಅಂಗಾಂಶದ, ಏನನ್ನೂ ಹಾಕದ ಮತ್ತೊಂದು ಸೀಳನ್ನು. ಬಳಿಕ ಪ್ರೊಟೀನನ್ನು ಹಿಡಿಯುವ ಪ್ರಾಥಮಿಕ ಪ್ರತಿಕಾಯವನ್ನು ಬಿಟ್ಟು, ಅದಕ್ಕೆ ಅಂಟಿ ಹೊಳೆಯುವ ದ್ವಿತೀಯಕವನ್ನು ಮಾತ್ರ ಹಾಕಿದ ಸೀಳನ್ನು. ಮೂರನ್ನೂ ಒಂದೇ ಬೆಳಕಿನ ತೀವ್ರತೆ, ಒಂದೇ ಎಕ್ಸ್‌ಪೋಷರಿನಲ್ಲಿ ತೆಗೆದಿರದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಎಪ್ಪತ್ತು ಪ್ರತಿಶತ ಆಲ್ಕೋಹಾಲಿನಲ್ಲಿ ಕರಗಿಸಿದ ಸುಡಾನ್ ಬ್ಲ್ಯಾಕ್ ಬಿ ಎಂಬ ಕಪ್ಪು ಬಣ್ಣ ಈ ಸಹಜ ಹೊಳಪನ್ನು ಬಹುಮಟ್ಟಿಗೆ ಅಡಗಿಸುತ್ತದೆ, ಆದರೆ ಕೆಂಪಿನ ಕಡೆ ತನ್ನದೇ ಮಂಕು ಹಿನ್ನೆಲೆಯನ್ನು ಸೇರಿಸಬಲ್ಲದು. ಅದನ್ನು ಡಿಟರ್ಜೆಂಟ್ ಇರುವ ದ್ರಾವಣದಲ್ಲಿ ತೊಳೆದರೆ ಹಾಕಿದ್ದೂ ವ್ಯರ್ಥ.

ಪ್ರತಿದೀಪ್ತಿಯ ಗೋಜೇ ಬೇಡವೆಂದು ಪ್ರತಿಕಾಯ ಕೂತಲ್ಲಿ ಬಣ್ಣ ಮೂಡಿಸುವ ಡಿಎಬಿ ಎಂಬ ರಾಸಾಯನಿಕಕ್ಕೆ ಹೊರಳುವವರೂ ಇದ್ದಾರೆ. ಡಿಎಬಿ ಕೊಡುವುದು ಕಂದು, ಲಿಪೊಫಸ್ಕಿನ್ನೂ ಕಂದು! ಇಂಥ ಅಂಗಾಂಶಕ್ಕೆ ಕೆಂಪು ವರ್ಣಜನಕವೇ ಸರಿ ಎಂಬುದು ನನ್ನ ಅಭಿಪ್ರಾಯ.

ಇದಕ್ಕಿಂತ ಸೂಕ್ಷ್ಮವಾದ ಪೆಟ್ಟು ಬೀಳುವುದು ಏನೂ ಕಾಣದಿದ್ದಾಗ. ಪ್ರತಿಕಾಯ ಗುರುತಿಸುವುದು ಇಡೀ ಪ್ರೊಟೀನನ್ನಲ್ಲ, ಅದರ ಒಂದು ಚಿಕ್ಕ ತುಣುಕನ್ನು. ಕೊಬ್ಬಿನ ಉತ್ಕರ್ಷಣದಿಂದ ಹುಟ್ಟುವ ಎಚ್‌ಎನ್‌ಇ ಎಂಬ ಅಣು ಆ ತುಣುಕಿನ ಅಮೈನೋ ಆಮ್ಲಗಳಾದ ಲೈಸಿನ್‌ಗೋ ಹಿಸ್ಟಿಡಿನ್‌ಗೋ ಅಂಟಿಕೊಂಡರೆ, ಪ್ರೊಟೀನು ಅಲ್ಲೇ ಇದ್ದರೂ ಪ್ರತಿಕಾಯ ಹಿಡಿಯದಿರಬಹುದು. ಕೆಡದಂತೆ ಕಾಪಾಡುವ ಫಾರ್ಮಲಿನ್ನಿನಲ್ಲಿ ಬಹುಕಾಲ ಇದ್ದ ಅಂಗಾಂಶದಲ್ಲಿ ಮತ್ತೊಂದು ಪದರ ಅಡ್ಡಿ ಸೇರಿಕೊಳ್ಳುತ್ತದೆ. ಸಿಟ್ರೇಟ್ ದ್ರಾವಣದಲ್ಲಿ ಬಿಸಿ ಮಾಡಿದರೆ ಅದು ಭಾಗಶಃ ಬಿಡುತ್ತದೆ, ಲಿಪೊಫಸ್ಕಿನ್ನಿನ ಒಳಗಿನ ಬಿಗಿತವಲ್ಲ. ಬೆಂಗಳೂರಿನವರಿಗೆ ಒಂದು ಅನುಕೂಲವಿದೆ: 1995ರಲ್ಲಿ ಆರಂಭವಾದ ನಿಮ್ಹಾನ್ಸ್‌ನ ಮಿದುಳು ಬ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿದ ಅಂಗಾಂಶವೂ ಇರುವುದರಿಂದ, ಸೂಕ್ತ ಅನುಮತಿ ಪಡೆದು ಎರಡೂ ಬಗೆಯನ್ನು ಹೋಲಿಸುವ ಪ್ರಯೋಗವನ್ನು ಯೋಜಿಸಬಹುದು.

ಇನ್ನು ಕಣದ ಒಳಗೋ ಮೇಲೋ ಎಂಬ ಪ್ರಶ್ನೆ. ಲ್ಯಾಂಪ್-1ಕ್ಕೆ ಪ್ರತಿಕಾಯ ಹಾಕಿದರೆ ಕಣದ ಸುತ್ತ ಉಂಗುರ ಕಾಣಬೇಕು, ಏಕೆಂದರೆ ಅದು ಲೈಸೋಸೋಮಿನ ಪೊರೆಯ ಪ್ರೊಟೀನು. ತುಂಬಿದ ಚುಕ್ಕೆ ಕಂಡರೆ ನಾನು ಮೊದಲು ಸಂಶಯಿಸುವುದು ಸಹಜ ಹೊಳಪನ್ನು. ಖಚಿತ ಉತ್ತರಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು: ಹತ್ತು ನ್ಯಾನೋಮೀಟರಿನ ಚಿನ್ನದ ಕಣ ಕಟ್ಟಿದ ಪ್ರತಿಕಾಯ ಎಲ್ಲಿ ಕೂತಿದೆ ಎಂಬುದು ಅಲ್ಲಿ ಕಪ್ಪು ಬಿಂದುವಾಗಿ ಕಾಣುತ್ತದೆ, ಹೊಳಪಿನ ಗೊಂದಲವೇ ಇಲ್ಲ. ಕಣಗಳನ್ನು ಬೇರ್ಪಡಿಸಿ ವೆಸ್ಟರ್ನ್ ಬ್ಲಾಟ್ (ಪ್ರೊಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದಂತೆ ಬೇರ್ಪಡಿಸಿ, ಪೊರೆಯಂಥ ಹಾಳೆಗೆ ವರ್ಗಾಯಿಸಿ ಪ್ರತಿಕಾಯದಿಂದ ಗುರುತಿಸುವ ವಿಧಾನ) ಮಾಡುವವರು ಮಾದರಿ ಹಾಕುವ ಕುಳಿಯಾದ ಜೆಲ್ಲಿನ ಬಾವಿಯನ್ನೂ ಕತ್ತರಿಸಿ ಬಿಸಾಡದೆ ಪೊರೆಗೆ ವರ್ಗಾಯಿಸಿ ನೋಡಬೇಕು. ಎಸ್‌ಡಿಎಸ್ ಎಂಬ ಪ್ರಬಲ ಡಿಟರ್ಜೆಂಟಿಗೂ ಕರಗದ ಭಾಗ ಜೆಲ್ಲಿನೊಳಕ್ಕೆ ಇಳಿಯದೆ ಅಲ್ಲೇ ನಿಂತಿರುತ್ತದೆ.