ಡಿಗ್ರಿ ಪ್ರಾಜೆಕ್ಟ್: ಬಂದು ಹೋದ ನಾಲ್ಕನೇ ವರ್ಷದ ಹಿಂದೆ

ಒಂದು ಮನೆ ಅಂದುಕೊಳ್ಳಿ. ಅಕ್ಕ 2021ರಲ್ಲಿ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದಳು. ಬೇಕಿದ್ದರೆ ನಾಲ್ಕನೇ ವರ್ಷವೂ ಓದಿ ಆನರ್ಸ್ ಪದವಿ ತಗೋ, ಆ ವರ್ಷ ಸಂಶೋಧನೆಯ ಪ್ರಾಜೆಕ್ಟನ್ನೂ ಮಾಡಬಹುದು ಎಂದರು ಕಾಲೇಜಿನವರು. ತಮ್ಮ 2024ರಲ್ಲಿ ಅದೇ ಕಾಲೇಜಿಗೆ ಹೋದ. ಅವನಿಗೆ ಮೂರೇ ವರ್ಷ. ಚಿಕ್ಕಪ್ಪನ ಮಗಳು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಇದ್ದಾಳೆ, ಅವಳಿಗೆ ನಾಲ್ಕು ವರ್ಷ ಹಾಗೇ ಉಳಿದಿದೆ. ಮೂವರಲ್ಲಿ ಯಾರು ಸಂಶೋಧನೆ ಮಾಡಬೇಕು, ಯಾರು ಸುಮ್ನೆ ಪರೀಕ್ಷೆ ಬರೆದರೆ ಸಾಕು? ಹೆತ್ತವರ ತಲೆ ಕೆಡೋದು ಸಹಜ ಅಲ್ವಾ.

ಈ ಗಂಟು ನಿನ್ನೆ ಮೊನ್ನೆಯದಲ್ಲ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಲಂಡನ್ ಮಾದರಿಯಲ್ಲಿ. ಪಾಠ ಕಾಲೇಜಿನ ಕೆಲಸ, ಪರೀಕ್ಷೆ ವಿಶ್ವವಿದ್ಯಾಲಯದ ಕೆಲಸ. ಸಂಶೋಧನೆ ಇಬ್ಬರದೂ ಆಗಿರಲಿಲ್ಲ. 1909ರಲ್ಲಿ ಬೆಂಗಳೂರಿಗೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿ, ಬಂತು, 1942ರಲ್ಲಿ ಸರ್ಕಾರಿ ಸಂಶೋಧನಾ ಮಂಡಳಿ ಸಿಎಸ್ಐಆರ್ ಬಂತು, ಸಂಶೋಧನೆ ಅಂಥ ಕಾಂಪೌಂಡುಗಳ ಒಳಗೆ ಹೋಯಿತು. ಕಾಲೇಜಿಗೆ ಉಳಿದದ್ದು ಸಿಲಬಸ್.

ಡಿಗ್ರಿಯಲ್ಲೇ ಸಂಶೋಧನೆ ಮಾಡಬಹುದು ಎನ್ನಲು ಭಾಷಣ ಮಾಡುವವರು ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಹೆಸರು ತರುತ್ತಾರೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಓದುತ್ತಿದ್ದಾಗಲೇ, 1929ರಲ್ಲಿ, ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನ ಬಂತು, ನಿಜ. ಆದರೆ ಅದನ್ನು ಯಾವ ಸಿಲಬಸ್ಸೂ ಬರೆಸಲಿಲ್ಲ. 1928ರಲ್ಲಿ ಜರ್ಮನಿಯ ಭೌತವಿಜ್ಞಾನಿ ಸೊಮ್ಮರ್‌ಫೆಲ್ಡ್ ಮದ್ರಾಸಿಗೆ ಬಂದಾಗ ಈ ಹುಡುಗ ಅವರು ಉಳಿದಿದ್ದ ಹೋಟೆಲಿಗೇ ಹೋಗಿ ಮಾತಾಡಿಸಿದ. ನೀನು ಓದಿರುವ ಭೌತಶಾಸ್ತ್ರ ಹಳತಾಯಿತು ಎಂದು ಅವರು ತಿಳಿಸಿದರು. ಇನ್ನೂ ಅಚ್ಚಾಗದ ತಮ್ಮ ಲೇಖನದ ಪ್ರೂಫನ್ನೂ ಓದಲು ಕೊಟ್ಟರು. ಒಬ್ಬ ಹುಡುಗನಿಗೆ ಕೂತು ಮಾತಾಡಲು ಒಬ್ಬರು ಸಿಕ್ಕರು. ಈ ಕತೆಯಲ್ಲಿ ನನಗೆ ಮುಖ್ಯ ಅನಿಸುವುದು ಅದು.

ಅಮೆರಿಕದ ಎಂಐಟಿ 1969ರಲ್ಲಿ, ಡಿಗ್ರಿ ಹುಡುಗರನ್ನು ಪ್ರೊಫೆಸರುಗಳ ಲ್ಯಾಬಿಗೆ ಸೇರಿಸಿಕೊಳ್ಳುವುದನ್ನೇ ಒಂದು ಕಾರ್ಯಕ್ರಮ ಮಾಡಿತು. ನಮ್ಮಲ್ಲಿ ಎಂಜಿನಿಯರಿಂಗ್‌ನವರಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಮೊದಲಿಂದ ಇತ್ತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅಂಥವಕ್ಕೆ ದಶಕಗಳಿಂದ ಹಣ ಕೊಡುತ್ತಾ ಬಂದಿದೆ. ಬಿಎ, ಬಿಎಸ್ಸಿಯವರಿಗೆ ತೆರೆದ ಬಾಗಿಲುಗಳು ಕಡಿಮೆ, ಅವೂ ಕಿರಿದು. 1999ರಲ್ಲಿ ವಿಜ್ಞಾನ ಓದುವವರಿಗೆಂದು ಕೆವಿಪಿವೈ ಫೆಲೋಶಿಪ್ (ಈಗ ಅದು ನಿಂತಿದೆ), ಆಮೇಲೆ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್, 2006ರಿಂದ ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳು, 2011ರಲ್ಲಿ ಐಐಎಸ್‌ಸಿಯ ನಾಲ್ಕು ವರ್ಷದ ಪದವಿ. ಎಲ್ಲವೂ ಒಳ್ಳೆಯವೇ. ಆದರೆ ಬಹುಪಾಲು ವಿಜ್ಞಾನದವರಿಗೆ, ಅದರಲ್ಲೂ ಆಯ್ದ ಕೆಲವರಿಗೆ. ಶಿರಾದಲ್ಲೋ ಹಾನಗಲ್ಲಿನಲ್ಲೋ ಇತಿಹಾಸ ಓದುವ ಹುಡುಗಿಗೆ ಅಲ್ಲಿ ಜಾಗ ಇರಲಿಲ್ಲ. ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದು ಮರುವರ್ಷವೇ ಕೈಬಿಟ್ಟಿತು. ಆಗ ಇಲ್ಲಿ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ಅದನ್ನು ಡಿಗ್ರಿಯಲ್ಲಿ ಜಾರಿಗೆ ತಂದ ಮೊದಲ ರಾಜ್ಯ ನಮ್ಮದೇ. 2021ರಲ್ಲಿ, ಕೋವಿಡ್ ಇನ್ನೂ ಪೂರ್ತಿ ಹೋಗಿರಲಿಲ್ಲ, ಅಡ್ಮಿಷನ್ ನಡೆಯುತ್ತಲೇ ಸಿಲಬಸ್ ತಯಾರಾಗುತ್ತಿತ್ತು. ಓಪನ್ ಎಲೆಕ್ಟಿವ್ ಅಂದರೆ ಏನು ಅಂತ ಮೇಷ್ಟ್ರುಗಳೇ ಒಬ್ಬರನ್ನೊಬ್ಬರು ಕೇಳುತ್ತಿದ್ದ ದಿನಗಳು ಅವು. ನಾಲ್ಕನೇ ವರ್ಷದ ನಿಯಮ ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರ ಸಂಸ್ಥೆ ಯುಜಿಸಿಯಿಂದ ಸ್ಪಷ್ಟವಾಗಿ ಬಂದದ್ದು 2022ರ ಡಿಸೆಂಬರಿನಲ್ಲಿ. ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಅಂಕ ಬಂದವರು ಸಂಶೋಧನೆಯೊಂದಿಗೆ ಆನರ್ಸ್ ಮಾಡಬಹುದು. ಪ್ರಬಂಧಕ್ಕೆ 12 ಕ್ರೆಡಿಟ್. ಮುಗಿಸಿದವರು ಎಂಎ, ಎಂಎಸ್ಸಿ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು.

ಜತೆಗೊಂದು ಷರತ್ತೂ ಇತ್ತು. ಪಿಎಚ್‌ಡಿ ಗೈಡ್ ಆಗಲು ಅರ್ಹತೆ ಇರುವ ಕಾಯಂ ಅಧ್ಯಾಪಕರು ವಿಭಾಗದಲ್ಲಿ ಕನಿಷ್ಠ ಇಬ್ಬರು ಇರಬೇಕು. ಕಾಗದದಲ್ಲಿ ಸರಿಯಾದ ಷರತ್ತೇ. ಆದರೆ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಾನೂರಕ್ಕೂ ಹೆಚ್ಚು, ಅವುಗಳಲ್ಲಿ ಪಾಠ ನಡೆಸುವ ಅತಿಥಿ ಉಪನ್ಯಾಸಕರು ಹತ್ತು ಸಾವಿರಕ್ಕೂ ಹೆಚ್ಚು. ಎಷ್ಟೋ ವಿಭಾಗಗಳಲ್ಲಿ ಕಾಯಂ ಆಗಿರುವುದು ಕುರ್ಚಿ ಮಾತ್ರ. ಅತಿಥಿಗಳಲ್ಲಿ ಪಿಎಚ್‌ಡಿ ಆದವರು ಇದ್ದಾರೆ, ಚೆನ್ನಾಗಿ ಪಾಠ ಮಾಡುವವರು ಇದ್ದಾರೆ. ಆದರೂ ಅವರು ಈ ಲೆಕ್ಕಕ್ಕೆ ಬರುವುದಿಲ್ಲ.

ಹಾಗಂತ ಪ್ರಾಜೆಕ್ಟ್ ಅನ್ನೋದು ದೊಡ್ಡ ಲ್ಯಾಬ್ ಬೇಡುವ ಕೆಲಸವೇನೂ ಅಲ್ಲ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಎಲ್ಲರಿಗೂ ಗೊತ್ತು. ಯಾವ ಬೋರ್‌ನಲ್ಲಿ ಎಷ್ಟು, ಮಳೆಗಾಲದಲ್ಲಿ ಇಳಿಯುತ್ತದಾ ಎಂದು ಬಾಟಲಿಯಲ್ಲಿ ನೀರು ತಂದು ನೋಡುವುದು ಬಿಎಸ್ಸಿ ಹುಡುಗನ ಕೈಗೆ ಎಟುಕುವ ಪ್ರಶ್ನೆ. ಕನ್ನಡ ಓದುವವಳಿಗೆ ಊರಿನ ಹೊಲಗಳ ಹೆಸರೇ ಸಾಕು. ಇತಿಹಾಸದವನಿಗೆ ಕೆರೆ ಏರಿಯ ವೀರಗಲ್ಲು. ಕಲಾ ವಿಭಾಗದ ಕೆಲಸಕ್ಕೆ ಬೇಕಾದದ್ದು ಬಸ್ ಚಾರ್ಜು, ಬಿಡುವು, ಮತ್ತೆ ಬರೆದದ್ದನ್ನು ಓದಿ ಇದು ನಿನಗೆ ಯಾರು ಹೇಳಿದರು ಎಂದು ಕೇಳುವ ಒಬ್ಬ ಮೇಷ್ಟ್ರು. ಆ ಮೇಷ್ಟ್ರು ಇಲ್ಲದ ಕಡೆ ಏನಾಗುತ್ತದೆ ಅಂತ ನಾನು ಓದಿದ ಕಾಲೇಜಿನಲ್ಲೇ ನೋಡಿದ್ದೇನೆ. ಹಿಂದಿನ ವರ್ಷದ ರಿಪೋರ್ಟು, ಹೊಸ ಮೊದಲ ಪುಟ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್. ಈಗಿನವರು ಗೂಗಲ್ ಫಾರ್ಮ್ ಮಾಡಿ ಐವತ್ತು ಜನ ಗೆಳೆಯರಿಗೆ ವಾಟ್ಸಾಪ್ ಮಾಡುತ್ತಾರೆ, ಅದೇ ಸಮೀಕ್ಷೆ.

ಮುಂದಿನದು ಬೇಗ ಬೇಗ ನಡೆಯಿತು. 2023ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಅದೇ ವರ್ಷ ರಾಜ್ಯ ಶಿಕ್ಷಣ ನೀತಿಗೆಂದು ಯುಜಿಸಿಯ ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಬಂತು: ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷ. ಬಡ ಮಕ್ಕಳಿಗೆ ಇನ್ನೊಂದು ವರ್ಷದ ಖರ್ಚು ಹೊರೆ ಎಂಬ ವಾದಕ್ಕೆ ಬಲವಿತ್ತು. ನಾಲ್ಕನೇ ವರ್ಷ ನಡೆಸಲು ಕೊಠಡಿ, ಸಿಬ್ಬಂದಿ ಇಲ್ಲ ಎಂಬ ಮಾತೂ ಸುಳ್ಳಲ್ಲ. 2021ರಲ್ಲೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಹಾಗಾಗಿ ತಮ್ಮನಿಗೆ ಸಂಶೋಧನೆಯ ಹುಚ್ಚು ಹಿಡಿದರೆ ಉಳಿದಿರುವುದು ಹಳೆಯ ಕಿರಿದಾದ ಬಾಗಿಲುಗಳೇ, ಮುಖ್ಯವಾಗಿ ಬೇಸಿಗೆ ಫೆಲೋಶಿಪ್‌. ಅಕಾಡೆಮಿಗಳದ್ದು ಎರಡು ತಿಂಗಳ ಕೆಲಸ, ತಿಂಗಳಿಗಿಷ್ಟು ಭತ್ಯೆಯೂ ಉಂಟು. ಏನು ಮಾಡಬೇಕೆಂದಿದ್ದೀಯ ಎಂದು ಅರ್ಜಿಯಲ್ಲಿ ಬರೆಯಬೇಕು, ಅದನ್ನು ಅವನು ಹೇಗೋ ಬರೆಯುತ್ತಾನೆ. ಪಾಠ ಹೇಳಿದವರ ಶಿಫಾರಸು ಪತ್ರವೂ ಬೇಕು. ಹೋದ ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟ ಅತಿಥಿ ಉಪನ್ಯಾಸಕರು ಈ ವರ್ಷ ಯಾವ ತಾಲ್ಲೂಕಿನ ಕಾಲೇಜಿನಲ್ಲಿದ್ದಾರೆ ಅಂತ ಮೊದಲು ಹುಡುಕಬೇಕು.