ಸುಸ್ತಾದ ಕೋಶಕ್ಕೆ ನಾಲ್ಕು ದಿನ ರಜೆ

"ಇಮ್ಯುನಿಟಿ ಬೂಸ್ಟ್ ಮಾಡಿಕೊಳ್ಳಿ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಪುಡಿ, ಮಾತ್ರೆ, ಸಿರಪ್ಪು, ಎಲ್ಲದರ ಮೇಲೂ ಅದೇ ಬರಹ. ರೋಗನಿರೋಧಕ ಶಕ್ತಿ ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ, ತಿರುಗಿಸಿದಷ್ಟೂ ಒಳ್ಳೆಯದು ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ. ಸರಿ, ಒಬ್ಬ ಮಕ್ಕಳ ಕ್ಯಾನ್ಸರ್ ವೈದ್ಯೆ ಆ ರೆಗ್ಯುಲೇಟರ್ ಕೊನೆಯ ನಂಬರಿಗೆ ಹೋಗಿ ನಿಂತರೆ ಏನಾಗುತ್ತದೆ ಅಂತ ಗಾಜಿನ ತಟ್ಟೆಯಲ್ಲೇ ನೋಡಿದ್ದಾರೆ. ಕೋಶಗಳು ಸುಸ್ತಾಗಿ ಕೂತವು.

ಅವರ ಹೆಸರು ಕ್ರಿಸ್ಟಲ್ ಮೆಕಾಲ್. ಮೊದಲು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದರು, 2016ರಿಂದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾರೆ. ಇವರ ಕೆಲಸ ಕಾರ್-ಟಿ ಚಿಕಿತ್ಸೆಯ ಮೇಲೆ. ಅದೇನು ಅಂತ ನೀವು ಎಲ್ಲಾದರೂ ಓದಿಯೇ ಇರುತ್ತೀರಿ: ರೋಗಿಯ ರಕ್ತದಿಂದಲೇ ಟಿ ಕೋಶ (ರೋಗ ತಂದ ಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣ) ತೆಗೆಯುವುದು, ಕ್ಯಾನ್ಸರನ್ನು ಗುರುತಿಸಿ ಹಿಡಿಯುವ ಹೊಸ ರಿಸೆಪ್ಟರಿನ (ಇದಕ್ಕೇ ಕಾರ್ ಅನ್ನುವುದು) ಜೀನ್ ಅದರೊಳಗೆ ಸೇರಿಸುವುದು, ಬೆಳೆಸಿ ವಾಪಸ್ ಏರಿಸುವುದು. ವರ್ಷಗಟ್ಟಲೆ ಕಷ್ಟಪಟ್ಟು ಮಾಡಿದ್ದರ ಕೊನೆಯ ಹಂತ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಫ್ರೀಜರಿನಿಂದ ಬಂದ ಒಂದು ಸಣ್ಣ ಚೀಲವನ್ನು ಕರಗಿಸುತ್ತಾರೆ, ಡ್ರಿಪ್ಪಿಗೆ ಹಾಕುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಖಾಲಿ. ಕೋಶಗಳು ಹೆಪ್ಪುಗಟ್ಟುವಾಗ ಒಡೆಯದಿರಲಿ ಅಂತ ಹಾಕಿದ ರಾಸಾಯನಿಕದಿಂದ ರೋಗಿಯ ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ, ಅಷ್ಟೆ.

ಸ್ವಲ್ಪ ಹಿಂದಕ್ಕೆ ಹೋಗದೆ ಇರಲಾರೆ. ಇಸ್ರೇಲಿನ ಜೆಲಿಗ್ ಎಶ್‌ಹಾರ್ 1989ರಲ್ಲೇ ಆಂಟಿಬಾಡಿಯ ತಲೆಯನ್ನು ಟಿ ಕೋಶದ ರಿಸೆಪ್ಟರಿಗೆ ಜೋಡಿಸಿ ತೋರಿಸಿದ್ದರು. ಆಮೇಲೆ ಇಪ್ಪತ್ತು ವರ್ಷ ಹೆಚ್ಚಿನವರು ಇದನ್ನು ತಲೆಗೆ ಹಾಕಿಕೊಳ್ಳಲಿಲ್ಲ. 2012ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ 6 ವರ್ಷದ ಹುಡುಗಿಗೆ ಇಂಥ ಕೋಶಗಳನ್ನು ಕೊಟ್ಟರು. ಬೇರೆ ಚಿಕಿತ್ಸೆಗೆ ಬಗ್ಗದ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಕೋಶಗಳು ಎಷ್ಟು ಜೋರಾಗಿ ಕೆಲಸ ಮಾಡಿದವು ಅಂದರೆ ಮಗು ಜ್ವರದಲ್ಲಿ ಬೆಂದು ವೆಂಟಿಲೇಟರ್ ಸೇರಿತು. ರಕ್ತಪರೀಕ್ಷೆಯಲ್ಲಿ ಉರಿಯೂತ ಏರಿಸುವ ಐಎಲ್-6 ಎಂಬ ಪ್ರೋಟೀನು ಸಿಕ್ಕಾಪಟ್ಟೆ ಏರಿತ್ತು. ತಂಡದ ಮುಖ್ಯಸ್ಥ ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತ ಇತ್ತು. ಹಾಗಾಗಿ ಐಎಲ್-6 ತಡೆಯುವ ಸಂಧಿವಾತದ ಔಷಧಿಯೊಂದಿದೆ ಅನ್ನುವುದು ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟರು. ಕೆಲವೇ ಗಂಟೆಯಲ್ಲಿ ಜ್ವರ ಇಳಿಯಿತು, ತನ್ನ ಏಳನೇ ಹುಟ್ಟುಹಬ್ಬದ ದಿನ ಹುಡುಗಿ ಕಣ್ಣು ಬಿಟ್ಟಳು. 2017ರಲ್ಲಿ ಅಮೆರಿಕ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. (ಇಮ್ಯುನಿಟಿ ಬೂಸ್ಟ್ ಆದರೆ ಹೇಗಿರುತ್ತದೆ ಅಂತ ಕೇಳುವವರಿಗೆ ನಾನು ತೋರಿಸುವುದು ಈ ವೆಂಟಿಲೇಟರನ್ನೇ.)

ಈ ಕಥೆ ಎಲ್ಲರೂ ಹೇಳುತ್ತಾರೆ. ಎಲ್ಲರಿಗೂ ಹೀಗಾಗಲಿಲ್ಲ ಅನ್ನುವುದನ್ನು ಹೇಳುವವರು ಕಡಿಮೆ. ಎಷ್ಟೋ ಜನರಲ್ಲಿ ಕ್ಯಾನ್ಸರ್ ಹೋಗಿ ಮತ್ತೆ ಬಂತು. ಗಡ್ಡೆ ಕಟ್ಟುವ ಕ್ಯಾನ್ಸರುಗಳಲ್ಲಂತೂ ಕಾರ್-ಟಿ ಬಹಳ ಕಾಲ ಮುಗ್ಗರಿಸುತ್ತಲೇ ಇತ್ತು. ಯಾಕೆ?

ಮೆಕಾಲ್ ತಂಡ 2015ರಲ್ಲಿ ಒಂದು ವಿಚಿತ್ರ ಗಮನಿಸಿತು. ಲ್ಯುಕೇಮಿಯಾಕ್ಕೆ ಬಳಸುವ ರಿಸೆಪ್ಟರು (ಕ್ಯಾನ್ಸರ್ ಕೋಶದ ಮೇಲಿನ ಸಿಡಿ19 ಎಂಬ ಗುರುತನ್ನು ಹಿಡಿಯುವಂಥದ್ದು) ಟಿ ಕೋಶದ ಮೇಲೆ ಸುಮ್ನೆ ಕೂತಿರುತ್ತದೆ, ಶತ್ರು ಬಂದಾಗ ಮಾತ್ರ ಎಚ್ಚರಿಸುತ್ತದೆ. ಗಡ್ಡೆಗಳಿಗೆಂದು ಮಾಡಿದ, ಜಿಡಿ2 ಎಂಬ ಗುರುತನ್ನು ಹಿಡಿಯುವ ರಿಸೆಪ್ಟರುಗಳು ಹಾಗಲ್ಲ. ಅವು ಒಂದಕ್ಕೊಂದು ಅಂಟಿಕೊಂಡು ಗುಂಪು ಕಟ್ಟುತ್ತವೆ. ಹಾಗೆ ಅಂಟಿಕೊಂಡರೆ ಕೋಶದೊಳಗೆ "ಶತ್ರು ಬಂದ" ಅನ್ನುವ ಸುದ್ದಿ ಹೋಗುತ್ತದೆ. ಶತ್ರು ಎಲ್ಲೂ ಇಲ್ಲ, ಸುದ್ದಿ ಮಾತ್ರ ಹಗಲೂ ರಾತ್ರಿ. ಕಾಲಿಂಗ್ ಬೆಲ್ಲಿನ ಸ್ವಿಚ್ಚು ಒಳಗೇ ಸಿಕ್ಕಿಕೊಂಡು ಬಡಿದುಕೊಳ್ಳುತ್ತಲೇ ಇರುತ್ತದಲ್ಲ, ಹಾಗೆ. ಮೊದಲ ದಿನ ಎದ್ದು ಬಾಗಿಲು ತೆಗೆಯುತ್ತೀರಿ. ಹತ್ತನೇ ದಿನ ನಿಜವಾಗಿ ಯಾರಾದರೂ ಬಂದರೂ ಏಳುವುದಿಲ್ಲ. ಅಥವಾ ಬಿಲ್ಲನ್ನು ನೆನೆಸಿಕೊಳ್ಳಿ. ಹೆದೆ ಏರಿಸಿಯೇ ತಿಂಗಳುಗಟ್ಟಲೆ ಇಟ್ಟ ಬಿಲ್ಲಿನಿಂದ ಬಾಣ ದೂರ ಹೋಗುವುದಿಲ್ಲ. ಕೋಶದ ಕಥೆಯೂ ಇದೇ. ಸುಮಾರು ಹನ್ನೊಂದು ದಿನದ ಹೊತ್ತಿಗೆ ತಟ್ಟೆಯಲ್ಲಿರುವ ಆ ಟಿ ಕೋಶಗಳು ಪೂರ್ತಿ ಸೋತಿರುತ್ತವೆ.

ಈ ಸುಸ್ತು ಹೊಸದಾಗಿ ಕಂಡದ್ದಲ್ಲ. 1990ರ ದಶಕದಲ್ಲಿ ಇಲಿಗಳಲ್ಲಿ ವಾಸಿಯಾಗದೆ ಉಳಿಯುವ ವೈರಸ್ ಸೋಂಕನ್ನು ನೋಡುತ್ತಿದ್ದವರಿಗೆ ಇದು ಸಿಕ್ಕಿತು. ಹೈದರಾಬಾದಿನಲ್ಲಿ ಹುಟ್ಟಿದ ರಫಿ ಅಹ್ಮದ್ ಅವರ ತಂಡ 1998ರಲ್ಲಿ ತೋರಿಸಿದ್ದು ಇದನ್ನೇ: ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಸತ್ತಿಲ್ಲ, ಅಲ್ಲೇ ಇವೆ, ಆದರೆ ಏನೂ ಮಾಡುತ್ತಿಲ್ಲ. ಹಾಜರಿ ಇದೆ, ಕೆಲಸ ಇಲ್ಲ.

ಇನ್ನೊಂದು ಹೋಲಿಕೆ ಕೊಟ್ಟು ಬಿಟ್ಟುಬಿಡುತ್ತೇನೆ. ಈ ಸುಸ್ತು ಊಟ ಮಾಡಿ ಮಲಗಿದರೆ ಹೋಗುವಂಥದ್ದಲ್ಲ. ಕೋಶದೊಳಗಿನ ಡಿಎನ್‌ಎ ಒಂದು ದೊಡ್ಡ ಮನೆ ಅಂದುಕೊಳ್ಳಿ. ಸುಸ್ತಾದ ಕೋಶ ಆಯುಧ ಇರುವ ಕೋಣೆಗಳಿಗೆ ಬೀಗ ಜಡಿಯುತ್ತದೆ, ಬೇಡದ ಕೋಣೆಗಳನ್ನು ತೆರೆದಿಡುತ್ತದೆ. ಟಿ ಕೋಶವನ್ನು ತಡೆದು ನಿಲ್ಲಿಸುವ ಪಿಡಿ-1 ಎಂಬ ಬ್ರೇಕನ್ನು ಬಿಡಿಸುವ ಔಷಧಿಗಳಿವೆ, 2018ರ ನೊಬೆಲ್ ಬಂದದ್ದು ಇಂಥ ಬ್ರೇಕುಗಳ ಕೆಲಸಕ್ಕೇ. ಅವು ಕೊಟ್ಟಾಗ ಇಲಿಯ ಸುಸ್ತಾದ ಕೋಶ ಸ್ವಲ್ಪ ದಿನ ಎದ್ದು ಓಡಾಡುತ್ತದೆ, ಆಮೇಲೆ ಮತ್ತೆ ಕೂರುತ್ತದೆ, ಯಾಕೆಂದರೆ ಬೀಗಗಳು ಹಾಗೇ ಇರುತ್ತವೆ. ಹಾಗಾಗಿ ಒಮ್ಮೆ ಸುಸ್ತಾದರೆ ಮುಗಿಯಿತು ಅಂತಲೇ ತುಂಬಾ ಜನ ಅಂದುಕೊಂಡಿದ್ದರು.

ಮೆಕಾಲ್ ಅವರ ಪ್ರಯೋಗಾಲಯ ಎರಡು ದಾರಿ ಹಿಡಿಯಿತು. ಮೊದಲನೆಯದು 2019ರಲ್ಲಿ. ಸುಸ್ತಾದ ಕೋಶದಲ್ಲಿ ಸಿ-ಜೂನ್ ಎಂಬ ಪ್ರೋಟೀನಿನ ಕೆಲಸಕ್ಕೆ ಅಡ್ಡಿ ಬಂದಿರುತ್ತದೆ, ಆ ಪ್ರೋಟೀನನ್ನೇ ಜಾಸ್ತಿ ತಯಾರಿಸುವಂತೆ ಮಾಡಿದರೆ ಕೋಶ ಸೋಲದೆ ನಿಲ್ಲುತ್ತದೆ ಅಂತ ತೋರಿಸಿದರು. ಕಾರ್ಲ್ ಜೂನ್‌ಗೂ ಈ ಜೂನ್‌ಗೂ ಸಂಬಂಧ ಇಲ್ಲ. ಜೀನು ಮೊದಲು ಸಿಕ್ಕಿದ್ದು ಕೋಳಿಗಳಿಗೆ ಗಡ್ಡೆ ತರುವ 17ನೇ ನಂಬರಿನ ವೈರಸ್ಸಿನಲ್ಲಿ. ಜಪಾನಿ ಭಾಷೆಯಲ್ಲಿ ಹದಿನೇಳಕ್ಕೆ "ಜೂನಾನ" ಅನ್ನುತ್ತಾರೆ, ಅದರ ಮೊದಲ ತುಂಡೇ ಹೆಸರಾಯಿತು.

ಎರಡನೆಯದು 2021ರಲ್ಲಿ, ನನ್ನ ಪ್ರೀತಿಯದು. ಕೋಶಕ್ಕೆ ರಜೆ ಕೊಡುವುದು! ದಾಸಾಟಿನಿಬ್ ಅಂತ ಒಂದು ಮಾತ್ರೆ ಇದೆ. ಒಂದು ಬಗೆಯ ಲ್ಯುಕೇಮಿಯಾಕ್ಕೆ 2006ರಿಂದ ಕೊಡುತ್ತಿದ್ದಾರೆ. ಅದು ಟಿ ಕೋಶದೊಳಗೆ ಸುದ್ದಿ ಸಾಗಿಸುವ ಕಿಣ್ವವನ್ನೂ ತಡೆಯುತ್ತದೆ, ಅಂದರೆ ಬೆಲ್ಲಿನ ವೈರನ್ನು ಸ್ವಲ್ಪ ಕಾಲ ಕಿತ್ತಿಟ್ಟ ಹಾಗೆ. ಸೋತ ಕೋಶಗಳಿಗೆ ಇದನ್ನು ಹಾಕಿ ನಾಲ್ಕು ದಿನ ಬಿಟ್ಟು ನೋಡಿದರು. ಕೋಶಗಳು ಮತ್ತೆ ಕ್ಯಾನ್ಸರನ್ನು ಕೊಲ್ಲತೊಡಗಿದವು. ಅದಕ್ಕಿಂತ ದೊಡ್ಡ ಸುದ್ದಿ ಅಂದರೆ ಬೀಗಗಳೂ ತೆರೆದುಕೊಂಡಿದ್ದವು, ಡಿಎನ್‌ಎ ಮನೆ ಬಹುಪಾಲು ಮೊದಲಿನಂತಾಗಿತ್ತು. ಇಲಿಗಳಿಗೆ ಆಗಾಗ ದಾಸಾಟಿನಿಬ್ ಕೊಟ್ಟು, ಆಗಾಗ ನಿಲ್ಲಿಸಿದಾಗ ಕಾರ್-ಟಿ ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಕೋಶವನ್ನು ಜೋರು ಮಾಡುವ ಬದಲು ಅದರ ಬಾಯಿ ಮುಚ್ಚಿಸುವ ಮಾತ್ರೆ! ಯಾವ ಬೂಸ್ಟರ್ ಡಬ್ಬಿಯ ಮೇಲೆ ಇದನ್ನು ಬರೆಯುತ್ತಾರೆ ಹೇಳಿ?

ಕೋಶ ಎಷ್ಟೇ ಚುರುಕಾದರೂ ಇನ್ನೊಂದು ತೊಂದರೆ ಇದೆ. ಕ್ಯಾನ್ಸರೂ ಸುಮ್ನೆ ಕೂರುವುದಿಲ್ಲ. ಸಿಡಿ19 ಹುಡುಕಿಕೊಂಡು ಬಂದರೆ ಕೆಲವು ಕ್ಯಾನ್ಸರ್ ಕೋಶಗಳು ಆ ಗುರುತನ್ನೇ ಅಳಿಸಿಕೊಳ್ಳುತ್ತವೆ. ಮನೆಯ ಬೋರ್ಡನ್ನೇ ಕಿತ್ತು ಹಾಕಿದಂತೆ. ಸರಿ, ಸಿಡಿ22 ಎಂಬ ಬೇರೆ ಗುರುತು ಹಿಡಿಯೋಣ ಅಂತ ಮೆಕಾಲ್ ಮತ್ತು ಜೊತೆಗಾರರು ಮಾಡಿದ ಕಾರ್-ಟಿಯ ಫಲಿತಾಂಶ 2018ರಲ್ಲಿ ಬಂತು. ಸಿಡಿ19 ಚಿಕಿತ್ಸೆ ಸೋತವರಲ್ಲೂ ಅದು ಕೆಲಸ ಮಾಡಿತು. ಆದರೆ ಮರಳಿ ಬಂದ ಕ್ಯಾನ್ಸರ್ ಈ ಸಲ ಬೋರ್ಡು ಕೀಳಲಿಲ್ಲ, ಮಸುಕು ಮಾಡಿಕೊಂಡಿತು ಅಷ್ಟೆ. ಕೋಶದ ಮೇಲಿನ ಸಿಡಿ22 ಕಡಿಮೆಯಾಯಿತು. ಅಷ್ಟು ಸಾಕಾಯಿತು. ನಮ್ಮ ಸಹಜ ಟಿ ಕೋಶದ ರಿಸೆಪ್ಟರು ಬೆರಳೆಣಿಕೆಯಷ್ಟು ಗುರುತು ಇದ್ದರೂ ಹಿಡಿಯುತ್ತದೆ. ನಾವು ಮಾಡಿದ ಕಾರ್‌ಗೆ ಸಾವಿರಗಟ್ಟಲೆ ಬೇಕು. ಕೋಟಿಗಟ್ಟಲೆ ವರ್ಷ ತಿದ್ದಿಕೊಂಡು ಬಂದದ್ದಕ್ಕೂ ಮೂವತ್ತು ವರ್ಷದ ಜೋಡಣೆಗೂ ಇರುವ ವ್ಯತ್ಯಾಸ ಅದು.

ಹಾಗಾದರೆ ಎರಡೂ ಗುರುತನ್ನು ಒಟ್ಟಿಗೆ ಹಿಡಿಯುವ ಕೋಶ ಮಾಡಿದರೆ? ಅದನ್ನೂ ಮಾಡಿದರು, ರೋಗಿಗಳಿಗೆ ಕೊಟ್ಟೂ ನೋಡಿದರು, 2021ರಲ್ಲಿ ವಿವರ ಬಂತು. ಕ್ಯಾನ್ಸರ್ ಮತ್ತೆ ಬಂದ ಹಲವರಲ್ಲಿ ಸಿಡಿ19 ಹೋಗಿತ್ತು ಅಥವಾ ಕಡಿಮೆಯಾಗಿತ್ತು, ಸಿಡಿ22 ಮಾತ್ರ ಇದ್ದ ಹಾಗೇ ಇತ್ತು. ಅಂದರೆ ಎರಡನೇ ಕೈಯನ್ನು ಕಂಡು ಕ್ಯಾನ್ಸರ್ ಹೆದರಿಯೇ ಇರಲಿಲ್ಲ. ಒಂದೇ ರಿಸೆಪ್ಟರಿಗೆ ಎರಡು ತಲೆ ಜೋಡಿಸುವಾಗ ಸಿಡಿ22ರ ಕಡೆ ಬಲ ಕಡಿಮೆಯಾಗಿಬಿಟ್ಟಿತ್ತು.