ಲೇಜಿ ಸೂಸನ್ ಅಂದರೆ ಏನು? ಊಟದ ಮೇಜಿನ ತಿರುಗುತಟ್ಟೆಯ ಒಳಗುಟ್ಟು

ಊಟದ ಮೇಜಿನ ನಡುವೆ ಒಂದು ದುಂಡನೆಯ ಹಲಗೆ. ಅದರ ಕೆಳಗೆ ಸಲೀಸಾಗಿ ತಿರುಗಲು ಒಂದು ಬೇರಿಂಗು. ಮೇಲೆ ಎಲ್ಲರೂ ಹಂಚಿಕೊಂಡು ತಿನ್ನುವ ಪದಾರ್ಥಗಳು. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಆಚೆ ಬದಿಯಲ್ಲಿದ್ದ ಬಟ್ಟಲು ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ಇದೇ ಲೇಜಿ ಸೂಸನ್. ನಾನು ಇಲ್ಲಿ ತಿರುಗುತಟ್ಟೆ ಅಂತಲೇ ಬರೆಯುತ್ತೇನೆ. ಅಡುಗೆಮನೆಯ ಮೂಲೆ ಕಪಾಟಿನೊಳಗೆ ತಿರುಗುವ ಅರೆಗಳನ್ನು, ಮಸಾಲೆ ಡಬ್ಬಿ ಜೋಡಿಸಿಡುವ ಪುಟ್ಟ ತಿರುಗು ಸ್ಟ್ಯಾಂಡನ್ನು ಕೂಡ ಇದೇ ಹೆಸರಿನಿಂದ ಕರೆಯುತ್ತಾರೆ. ಆದರೆ ನನಗೆ ಇಲ್ಲಿ ಮುಖ್ಯವಾದದ್ದು ಊಟದ ಮೇಜಿನದು. ನೋಡಲು ಇಷ್ಟು ಸರಳ ಇರುವುದರಿಂದಲೇ ಅದನ್ನು ಮಾಡುವವರು ಹೆಚ್ಚು ಯೋಚಿಸುವುದಿಲ್ಲ, ಆಮೇಲೆ ಬಳಸುವವರು ಊಟದ ಹೊತ್ತಿನಲ್ಲಿ ಲೋಟ ಬೀಳಿಸಿಕೊಂಡು ಪರದಾಡುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ತಿರುಗುತಟ್ಟೆಯನ್ನು ಅದು ಎಷ್ಟು ಚೆನ್ನಾಗಿ ತಿರುಗುತ್ತದೆ ಅನ್ನುವುದರಿಂದ ಅಳೆಯಬಾರದು, ಎಷ್ಟು ಚೆನ್ನಾಗಿ ನಿಲ್ಲುತ್ತದೆ ಅನ್ನುವುದರಿಂದ ಅಳೆಯಬೇಕು. ಕುಂಬಾರನ ತಿಗರಿ ಒಮ್ಮೆ ತಿರುಗಿಸಿದರೆ ತುಂಬಾ ಹೊತ್ತು ತಿರುಗುತ್ತಲೇ ಇರಬೇಕು, ಅದರ ಕೆಲಸವೇ ಅದು. ಊಟದ ಮೇಜಿನ ತಿರುಗುತಟ್ಟೆಗೆ ಅದು ಬೇಡ. ಕೈ ಬಿಟ್ಟ ಕೂಡಲೇ ನಿಲ್ಲಬೇಕು, ನಿಂತಲ್ಲಿಂದ ತಾನಾಗಿ ಕದಲಬಾರದು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಬಹುಪಾಲು ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಡಂಬ್‌ವೇಟರ್ ಅನ್ನುವ ಪೀಠೋಪಕರಣ ಬಳಕೆಗೆ ಬಂತು. ಒಂದು ಕಂಬಕ್ಕೆ ಒಂದರ ಮೇಲೊಂದು ದುಂಡು ತಟ್ಟೆಗಳು, ಅವು ತಿರುಗುತ್ತಿದ್ದವು. ಬಡಿಸುವ ಆಳುಗಳನ್ನು ಕೋಣೆಯಿಂದ ಹೊರಗೆ ಕಳಿಸಿ, ತಮ್ಮ ಮಾತು ಬೇರೆಯವರ ಕಿವಿಗೆ ಬೀಳದ ಹಾಗೆ ಊಟ ಮಾಡಲು ಸಿರಿವಂತರಿಗೆ ಇದು ಅನುಕೂಲವಾಯಿತು. 1891ರಲ್ಲಿ ಅಮೆರಿಕದ ಮಿಸೌರಿಯ ಎಲಿಜಬೆತ್ ಹೋವೆಲ್ ಎಂಬಾಕೆ ತಾನೇ ಬಡಿಸುವ ಮೇಜು ಎಂಬ ಅರ್ಥದ ಹೆಸರಿನಲ್ಲಿ ಇಂಥದ್ದೊಂದಕ್ಕೆ ಪೇಟೆಂಟ್ ಪಡೆದರು. ಲೇಜಿ ಸೂಸನ್ ಎಂಬ ಹೆಸರು ಅಮೆರಿಕದ ಪತ್ರಿಕೆಗಳಲ್ಲಿ 1903ರ ಹೊತ್ತಿಗೆ ಕಾಣಿಸುತ್ತದೆ. 1917ರಲ್ಲಿ ಒಂದು ಪತ್ರಿಕೆಯ ಜಾಹೀರಾತಿನಲ್ಲಿ ಇದೇ ಹೆಸರಿನ ತಿರುಗುತಟ್ಟೆ ಎಂಟೂವರೆ ಡಾಲರಿಗೆ ಮಾರಾಟಕ್ಕಿತ್ತು. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ತನ್ನ ಮಗಳಿಗಾಗಿ ಮಾಡಿದ, ಇಲ್ಲ ಎಡಿಸನ್ ಮಾಡಿದ ಅನ್ನುವ ಕಥೆಗಳು ಬಹಳ ಓಡಾಡುತ್ತವೆ, ಅವಕ್ಕೆ ಆಧಾರವಿಲ್ಲ.

ನನಗೆ ಇದಕ್ಕಿಂತ ಇಷ್ಟವಾಗುವುದು ಚೀನಾದ ಕಡೆಯ ಕಥೆ. ವು ಲಿಯನ್‌ತೆ ಎಂಬ ವೈದ್ಯರು ಮಲಯದ (ಈಗಿನ ಮಲೇಷ್ಯಾ) ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದವರು. 1910–11ರಲ್ಲಿ ಚೀನಾದ ಈಶಾನ್ಯ ಭಾಗದ ಮಂಚೂರಿಯಾದಲ್ಲಿ ಹಬ್ಬಿದ ಪ್ಲೇಗನ್ನು ತಡೆಯಲು ಬಟ್ಟೆಯ ಮುಖಗವಸು ಹಾಕಿಸಿದವರು. ಎಲ್ಲರೂ ತಮ್ಮ ಬಾಯಿಗಿಟ್ಟ ಊಟದ ಕಡ್ಡಿಯನ್ನೇ (ಚಾಪ್‌ಸ್ಟಿಕ್) ಮತ್ತೆ ನಡುವಿನ ಬಟ್ಟಲಿಗೆ ಹಾಕಿ ತಿನ್ನುವುದರಿಂದ ರೋಗ ಹರಡುತ್ತದೆ ಅನ್ನುವುದು ಅವರ ಚಿಂತೆ. ಹಂಚಿಕೊಂಡು ತಿನ್ನುವುದನ್ನು ಬಿಡಿ ಅಂತ ಅವರು ಹೇಳಲಿಲ್ಲ. 1915ರಲ್ಲಿ ಒಂದು ತಿರುಗುವ ಊಟದ ತಟ್ಟೆಯನ್ನು ಮುಂದಿಟ್ಟರು. ಪದಾರ್ಥಗಳೆಲ್ಲ ಆ ತಟ್ಟೆಯ ಮೇಲೆ, ಬಡಿಸಿಕೊಳ್ಳಲು ಬೇರೆಯೇ ಚಮಚ. ಜನರ ಅಭ್ಯಾಸವನ್ನು ಬೈಯದೆ, ಅದಕ್ಕೆ ಹೊಂದುವ ವಸ್ತುವೊಂದನ್ನು ಕೊಟ್ಟರಲ್ಲ, ವಿನ್ಯಾಸ ಅಂದರೆ ಇದು ಅಂತ ನನಗೆ ಅನಿಸುತ್ತದೆ. ಆದರೆ ಇದು ಹೋಟೆಲುಗಳಲ್ಲಿ ಮನೆಮಾತಾಗಲು ಇನ್ನೂ ಕೆಲವು ದಶಕ ಬೇಕಾಯಿತು. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಜಾನಿ ಕಾನ್ ಅವರ ರೆಸ್ಟೋರೆಂಟಿನ ಸುತ್ತಮುತ್ತ, ಅವರ ಜೊತೆಗಾರ ಜಾರ್ಜ್ ಹಾಲ್ ಬಾಲ್ ಬೇರಿಂಗ್ ಹಾಕಿ ಪ್ರಯೋಗ ಮಾಡಿದ ಮೇಲೆ, ಅಮೆರಿಕದ ಚೀನೀ ಹೋಟೆಲುಗಳಲ್ಲಿ ತಿರುಗುವ ಮೇಜು ಸಾಮಾನ್ಯವಾಯಿತು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋದಾಗ ಅಲ್ಲಿನ ಔತಣದ ಮೇಜನ್ನು ಟಿವಿಯಲ್ಲಿ ಲೋಕವೇ ನೋಡಿತು.

ಈಗ ಮಾಡುವ ವಿಷಯ.

ಮೊದಲ ಪ್ರಶ್ನೆ ಅಳತೆ. ತಟ್ಟೆ ಎಷ್ಟು ದೊಡ್ಡದಿರಬೇಕು ಅಂತ ಕೇಳುವವರೇ ಜಾಸ್ತಿ. ನಿಜಕ್ಕೂ ಕೇಳಬೇಕಾದದ್ದು ಕೂತವರ ಮುಂದೆ ಎಷ್ಟು ಜಾಗ ಬಿಡಬೇಕು ಅಂತ. ಊಟದ ತಟ್ಟೆಗೆ ಸುಮಾರು 27 ಸೆಂ.ಮೀ. ಬೇಕು, ಅದರಾಚೆ ಲೋಟ ಇಡಲು ಇನ್ನೊಂದಿಷ್ಟು. ಒಟ್ಟು 35 ಸೆಂ.ಮೀ. ಇದ್ದರೆ ಆರಾಮ. ಎರಡೂ ಬದಿ ಸೇರಿದರೆ 70. ಮೇಜಿನ ಅಡ್ಡಳತೆಯಿಂದ ಈ 70ನ್ನು ಕಳೆಯಿರಿ, ಉಳಿದದ್ದೇ ತಿರುಗುತಟ್ಟೆಯ ಅಳತೆ. ಒಬ್ಬರಿಗೆ ಸುಮಾರು 60 ಸೆಂ.ಮೀ. ಅಗಲ ಅಂತ ಇಟ್ಟುಕೊಂಡರೆ 150 ಸೆಂ.ಮೀ. ಮೇಜಿನ ಸುತ್ತ ಎಂಟು ಜನ ಕೂರಬಹುದು, ಅದಕ್ಕೆ 80 ಸೆಂ.ಮೀ. ತಟ್ಟೆ ಸರಿ. ಅದರ ಅಂಚಿನ ಸುತ್ತ 20 ಸೆಂ.ಮೀ. ಅಗಲದ ಬಟ್ಟಲುಗಳನ್ನು ಇಟ್ಟರೆ ಒಂಬತ್ತು ಹಿಡಿಯುತ್ತವೆ. ಮೇಜು 180 ಸೆಂ.ಮೀ. ಆದಾಗ ಒಂದು ತೊಂದರೆ ಶುರುವಾಗುತ್ತದೆ, ನಡುಭಾಗ ಯಾರ ಕೈಗೂ ಎಟುಕುವುದಿಲ್ಲ. ಅಲ್ಲಿ ಪದಾರ್ಥ ಇಟ್ಟರೆ ತಿರುಗಿಸಿಯೂ ಪ್ರಯೋಜನವಿಲ್ಲ ಅಲ್ವಾ, ಎಷ್ಟು ತಿರುಗಿಸಿದರೂ ನಡು ನಡುವಿನಲ್ಲೇ ಇರುತ್ತದೆ. ಅದಕ್ಕೇ ದೊಡ್ಡ ಮೇಜುಗಳಲ್ಲಿ ನಡುವೆ ಹೂವು ಇಡುತ್ತಾರೆ. ಕೆಲವು ಕಡೆ ನಡುಭಾಗವನ್ನು ಕದಲದ ಹಾಗೆ ಮಾಡಿ, ಸುತ್ತಲಿನ ಉಂಗುರವನ್ನು ಮಾತ್ರ ತಿರುಗಿಸುತ್ತಾರೆ.

ದೊಡ್ಡದಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. 10 ಮಿ.ಮೀ. ದಪ್ಪದ ಗಾಜಿನ ತಟ್ಟೆ 60 ಸೆಂ.ಮೀ. ಅಗಲ ಇದ್ದರೆ ಸುಮಾರು 7 ಕೆಜಿ ತೂಗುತ್ತದೆ. 90 ಸೆಂ.ಮೀ. ಆದರೆ 16 ಕೆಜಿ. ತೂಕ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಯಿತು, ಅಷ್ಟೇ. ಆದರೆ ಅದನ್ನು ತಿರುಗಿಸಲು ಮತ್ತು ನಿಲ್ಲಿಸಲು ಬೇಕಾದ ಬಲ ತೂಕದ ಮೇಲೆ ಮಾತ್ರ ನಿಂತಿಲ್ಲ, ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಅನ್ನುವುದರ ಮೇಲೂ ನಿಂತಿದೆ, ಅದೂ ದೂರದ ವರ್ಗದ ಲೆಕ್ಕದಲ್ಲಿ. ಹಾಗಾಗಿ ಅಡ್ಡಳತೆ ಒಂದೂವರೆ ಪಟ್ಟು ಆದಾಗ ತಟ್ಟೆಯ ಜಡತ್ವ ಐದು ಪಟ್ಟು ಆಗುತ್ತದೆ. ತಳ್ಳಿದವರು ಕೈ ಬಿಟ್ಟ ಮೇಲೂ ಅದು ತಿರುಗುತ್ತಲೇ ಇರುತ್ತದೆ, ಆಚೆ ಕೂತ ಮಗುವಿನ ಕೈಗೆ ತಾಗುತ್ತದೆ. ಭಾರದ ಪಾತ್ರೆಯನ್ನು ನಡುವಿಗೆ ಹತ್ತಿರ ಇಡಿ ಅನ್ನುವುದಕ್ಕೂ ಇದೇ ಕಾರಣ.

ವೇಗಕ್ಕೂ ಒಂದು ಮಿತಿ ಇದೆ. ನಡುವಿನಿಂದ 30 ಸೆಂ.ಮೀ. ದೂರದಲ್ಲಿ, ನುಣುಪಾದ ತಟ್ಟೆಯ ಮೇಲೆ ಒಂದು ಬಟ್ಟಲು ಇದೆ ಅನ್ನಿ. ಘರ್ಷಣೆಯ ಅಂಕೆ, ಅಂದರೆ ಬಟ್ಟಲಿಗೂ ತಟ್ಟೆಗೂ ಎಷ್ಟು ಹಿಡಿತ ಇದೆ ಅನ್ನುವ ಅಳತೆ, 0.2 ಅಂತ ಇಟ್ಟುಕೊಳ್ಳೋಣ; ಅದು ಕಡಿಮೆಯಾದಷ್ಟೂ ಜಾರುವುದು ಜಾಸ್ತಿ. ಎರಡೂವರೆ ಸೆಕೆಂಡಿಗೆ ಒಂದು ಸುತ್ತು ಬಂದರೆ ಸಾಕು, ಬಟ್ಟಲು ಹೊರಕ್ಕೆ ಜಾರಲು ಶುರುಮಾಡುತ್ತದೆ. ಅದೇ ವೇಗದಲ್ಲಿ ಬಟ್ಟಲಿನೊಳಗಿನ ತೆಳುವಾದ ಪದಾರ್ಥದ ಮೇಲ್ಮೈ ಸುಮಾರು 11 ಡಿಗ್ರಿ ಓರೆಯಾಗಿರುತ್ತದೆ. ಅಂಚಿನವರೆಗೆ ತುಂಬಿದ್ದರೆ ಚೆಲ್ಲಿತು ಅಂತಲೇ ಲೆಕ್ಕ. ಯಾರಾದರೂ ಸಿಟ್ಟಿನಿಂದಲೋ ಆಟಕ್ಕೋ ಜೋರಾಗಿ ತಿರುಗಿಸಿದಾಗ ಇದು ಸುಲಭವಾಗಿ ಆಗುವ ವೇಗ. ತಿರುಗುತ್ತಿದ್ದುದನ್ನು ಗಕ್ಕನೆ ಹಿಡಿದು ನಿಲ್ಲಿಸಿದರೆ ಇನ್ನೂ ಕೆಟ್ಟದು.

ಆದ್ದರಿಂದ ಬೇರಿಂಗು ಅತಿ ನಯವಾಗಿರಬಾರದು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಚೌಕ ಉಕ್ಕಿನ ತಗಡುಗಳ ನಡುವೆ ಗುಂಡುಗಳಿರುವ ತೆಳ್ಳನೆಯ ಬೇರಿಂಗು. 3, 4, 6, 12 ಅಂಗುಲದ ಅಳತೆಗಳಲ್ಲಿ ಬರುತ್ತದೆ, ದಪ್ಪ ಒಂದು ಸೆಂ.ಮೀ.ಗಿಂತ ಕಡಿಮೆ. ಇನ್ನೊಂದು ಅಲ್ಯೂಮಿನಿಯಮ್ಮಿನ ದುಂಡು ಉಂಗುರದ್ದು, ಇದು ಅಲುಗಾಡುವುದು ಕಡಿಮೆ, ಸದ್ದೂ ಕಡಿಮೆ. ಊಟದ ಮೇಜಿಗೆ ನನ್ನ ಮತ ಉಂಗುರದ ಬೇರಿಂಗಿಗೆ. ತಗಡಿನದು ಗರಗರ ಅನ್ನುತ್ತದೆ, ಮಾತಿನ ನಡುವೆ ಆ ಸದ್ದು ಕಿರಿಕಿರಿ. ಯಾವುದೇ ಹಾಕಿದರೂ ಸ್ವಲ್ಪ ಗಟ್ಟಿ ಗ್ರೀಸ್ ಹಚ್ಚಿದರೆ, ಇಲ್ಲವೇ ತಟ್ಟೆಗೂ ಅದನ್ನು ಹೊರುವ ಕೆಳಗಿನ ಪೀಠಕ್ಕೂ ನಡುವೆ ಒಂದು ಉಣ್ಣೆಬಟ್ಟೆಯ ಪಟ್ಟಿ ಮೆಲ್ಲಗೆ ಉಜ್ಜುವ ಹಾಗೆ ಅಂಟಿಸಿದರೆ, ತಿರುಗುವುದಕ್ಕೆ ಒಂದು ಹಿಡಿತ ಬರುತ್ತದೆ. ಕೈ ಬಿಟ್ಟ ಮೇಲೆ ಕಾಲು ಸುತ್ತಿನೊಳಗೆ ನಿಂತರೆ ಸಾಕು. ಈ ಹಿಡಿತ ಇಲ್ಲದಿದ್ದರೆ ಇನ್ನೊಂದು ತಾಪತ್ರಯವೂ ಇದೆ. ಮೇಜು ಒಂದು ಬದಿಗೆ ತುಸು ವಾಲಿದ್ದರೂ ಭಾರದ ಪಾತ್ರೆ ತಾನಾಗಿಯೇ ತಗ್ಗಿನ ಕಡೆಗೆ ತಿರುಗಿಕೊಂಡು ಹೋಗಿ ನಿಲ್ಲುತ್ತದೆ, ನೀವು ಬಡಿಸಿಕೊಳ್ಳುತ್ತಿರುವಾಗಲೇ.

ಮಗುಚುವ ವಿಷಯವನ್ನು ಬಹಳ ಜನ ಮರೆಯುತ್ತಾರೆ. 60 ಸೆಂ.ಮೀ. ಅಗಲದ, 18 ಮಿ.ಮೀ. ದಪ್ಪದ ಪ್ಲೈವುಡ್ ತಟ್ಟೆ ಮೂರು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಅದರ ಕೆಳಗಿನ ಪೀಠ ಬರೀ 15 ಸೆಂ.ಮೀ. ಅಗಲ ಇದೆ, ಅದನ್ನು ಮೇಜಿಗೆ ಬಿಗಿದಿಲ್ಲ. ಈಗ ಎರಡು ಕೆಜಿಯ ಒಂದೇ ಪಾತ್ರೆಯನ್ನು ಅಂಚಿನ ಹತ್ತಿರ, ನಡುವಿನಿಂದ 22 ಸೆಂ.ಮೀ. ದೂರದಲ್ಲಿ ಇಡಿ. ಪೂರ್ತಿ ಮಗುಚುತ್ತದೆ! ಪೀಠದ ಅಂಚಿನಿಂದ ಲೆಕ್ಕ ಹಾಕಿದರೆ ಪಾತ್ರೆಯ ಎಳೆತ ತಟ್ಟೆಯ ತೂಕವನ್ನು ಮೀರಿಬಿಡುತ್ತದೆ. ಅದೇ ಪೀಠವನ್ನು 30 ಸೆಂ.ಮೀ. ಮಾಡಿದರೆ ಭಯವಿಲ್ಲ, ಅಂಚನ್ನು ಯಾರಾದರೂ ಕೈಯಿಂದ ತುಸು ಒತ್ತಿದರೂ ತಡೆದುಕೊಳ್ಳುತ್ತದೆ. ಪೀಠದ ಅಗಲ ತಟ್ಟೆಯ ಅಗಲದ ಅರ್ಧಕ್ಕಿಂತ ಕಡಿಮೆ ಇರಬಾರದು. ಪೆಟ್ಟಿಗೆಯ ಮೇಲೆ ಬೇರಿಂಗು ಇಷ್ಟು ಭಾರ ಹೊರುತ್ತದೆ ಅಂತ ಬರೆದಿರುವುದು ಸಮನಾಗಿ ಹರಡಿದ ಭಾರಕ್ಕೆ. ಒಂದೇ ಬದಿಗೆ ಬಿದ್ದ ಭಾರಕ್ಕೆ ಆ ಅಂಕೆ ಹೊಂದುವುದಿಲ್ಲ. ಪೀಠದ ಕೆಳಗೆ ನಾಲ್ಕು ರಬ್ಬರ್ ಗುಂಡಿ ಅಂಟಿಸಿ, ಇಲ್ಲದಿದ್ದರೆ ತಟ್ಟೆ ತಿರುಗುವ ಬದಲು ಇಡೀ ಸಾಮಾನೇ ಮೇಜಿನ ಮೇಲೆ ಸರಿದಾಡುತ್ತದೆ.

ಮರದಿಂದ ಮಾಡುವವರಿಗೆ ಒಂದೆರಡು ಮಾತು. ಅಗಲವಾದ ಒಂದೇ ಹಲಗೆಯಿಂದ ಕತ್ತರಿಸಬೇಡಿ, ಮಳೆಗಾಲ ಬೇಸಿಗೆ ಕಳೆದರೆ ಅದು ಬಾಗುತ್ತದೆ, ಬಾಗಿದರೆ ಒಂದು ಬದಿ ಮೇಜಿಗೆ ತಾಗುತ್ತದೆ. ಕಿರಿದಾದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು, ಇಲ್ಲವೇ ಪ್ಲೈವುಡ್ಡು ಒಳ್ಳೆಯದು. ಸ್ಕ್ರೂ ಹಾಕುವಾಗ ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ಬೇರಿಂಗಿನ ಕೆಳತಗಡನ್ನು ಪೀಠಕ್ಕೆ ಬಿಗಿದ ಮೇಲೆ ಮೇಲಿನ ತಗಡಿಗೆ ಸ್ಕ್ರೂ ಹಾಕಲು ಜಾಗವೇ ಇರುವುದಿಲ್ಲ. ಅದಕ್ಕೆ ಪೀಠದಲ್ಲಿ ಮೊದಲೇ ಒಂದು ದೊಡ್ಡ ತೂತು ಕೊರೆದಿಡಬೇಕು. ಬೇರಿಂಗನ್ನು ತಿರುಗಿಸುತ್ತಾ ಮೇಲಿನ ತಗಡಿನ ಒಂದೊಂದು ತೂತನ್ನೂ ಆ ಕಿಂಡಿಗೆ ತಂದು, ಅದರ ಮೂಲಕ ಸ್ಕ್ರೂ ತಿರುಗಿಸಬೇಕು. ಗಾಜು ಆದರೆ ಟಫನ್ಡ್ ಗಾಜೇ (ಕಾಯಿಸಿ ಗಟ್ಟಿ ಮಾಡಿದ್ದು) ಬೇಕು, ಅಂಚು ಉಜ್ಜಿ ದುಂಡಗೆ ಮಾಡಿರಬೇಕು. ಗಾಜು ಒರೆಸಲು ಸುಲಭ, ಆದರೆ ಬಟ್ಟಲು ಜಾರುವುದೂ ಅದರ ಮೇಲೇ ಜಾಸ್ತಿ.

ಎತ್ತರ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಮೇಜಿನಿಂದ ನಾಲ್ಕೈದು ಸೆಂ.ಮೀ. ಮೇಲಿದ್ದರೆ ಸಾಕು. ಎತ್ತರ ಹೆಚ್ಚಾದರೆ ಬಟ್ಟಲಿನೊಳಗೆ ಏನಿದೆ ಅಂತ ಕಾಣುವುದಿಲ್ಲ, ಎದುರು ಕೂತವರ ಮುಖವೂ ಮರೆಯಾಗುತ್ತದೆ. ಅಂಚಿಗೆ ಅರ್ಧ ಸೆಂ.ಮೀ. ಎತ್ತರದ ಪಟ್ಟಿ ಇದ್ದರೆ ಜಾರಿದ ಬಟ್ಟಲು ಅಲ್ಲೇ ತಡೆಯುತ್ತದೆ. ಅದಕ್ಕಿಂತ ಎತ್ತರ ಮಾಡಿದರೆ ಒರೆಸುವುದು ಕಷ್ಟ, ಮೂಲೆಯಲ್ಲಿ ಕೊಳೆ ಕೂರುತ್ತದೆ.

ಮತ್ತೆ ಸೌಟುಗಳು. ತಟ್ಟೆಯನ್ನು ಎಷ್ಟು ಸರಿಯಾಗಿ ಅಳೆದು ಮಾಡಿದರೂ, ಬಟ್ಟಲಿನಿಂದ ಹೊರಗೆ ಚಾಚಿದ ಸೌಟಿನ ಹಿಡಿ ತಿರುಗುವಾಗ ಸುತ್ತಲಿನ ಲೋಟಗಳನ್ನೆಲ್ಲ ಒಂದೊಂದಾಗಿ ಉರುಳಿಸುತ್ತದೆ. ಇದಕ್ಕೆ ಉಪಾಯ ಎರಡು. ಹಿಡಿ ಗಿಡ್ಡಗಿರುವ ಚಮಚ ಇಡಿ, ಅಥವಾ ಹಿಡಿಯನ್ನು ಒಳಮುಖವಾಗಿ ತಿರುಗಿಸಿಡುವ ರೂಢಿ ಮಾಡಿ. ನಾನಂತೂ ತಟ್ಟೆಯ ಮೇಲೇ ಸೌಟು ಒರಗಿಸಲು ಒಂದು ತಗ್ಗು ಮಾಡುವ ಪರ.

ತಿರುಗಿಸುವುದಕ್ಕೂ ಒಂದು ನಡವಳಿಕೆ ಇದೆ. ಚೀನೀ ಔತಣಗಳಲ್ಲಿ ಸಾಮಾನ್ಯವಾಗಿ ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ತಿರುಗಿಸುತ್ತಾರೆ, ಹೊಸ ಪದಾರ್ಥ ಬಂದಾಗ ಮುಖ್ಯ ಅತಿಥಿಯ ಮುಂದೆ ಮೊದಲು ನಿಲ್ಲಿಸುತ್ತಾರೆ. ಯಾರಾದರೂ ಬಡಿಸಿಕೊಳ್ಳುತ್ತಿದ್ದರೆ ಮುಗಿಯುವವರೆಗೆ ಕಾಯಬೇಕು, ಇದು ಎಲ್ಲ ಕಡೆಗೂ ಸಲ್ಲುವ ಮಾತು. ಎಲ್ಲರೂ ಒಂದೇ ದಿಕ್ಕಿಗೆ ತಿರುಗಿಸಿದರೆ ಮುಂದೆ ಯಾವ ಬಟ್ಟಲು ಬರುತ್ತದೆ ಅಂತ ಗೊತ್ತಿರುತ್ತದೆ, ಎರಡು ಕೈ ಎದುರುಬದುರಾಗಿ ಎಳೆದಾಡುವುದು ತಪ್ಪುತ್ತದೆ. ಕೈ ಚಾಚಲಾಗದ ವಯಸ್ಸಾದವರಿಗೆ, ಗಾಲಿಕುರ್ಚಿಯಲ್ಲಿ ಕೂತವರಿಗೆ, ಇನ್ನೊಬ್ಬರನ್ನು ಪದೇಪದೇ ಕೇಳಲು ಸಂಕೋಚಪಡುವವರಿಗೆ ಇದರಷ್ಟು ಉಪಕಾರಿ ಮೇಜಿನ ಮೇಲೆ ಇನ್ನೊಂದಿಲ್ಲ. ಅವರು ತಮಗೆ ಬೇಕಾದ್ದನ್ನು ಬೇಕಾದಷ್ಟು ತಾವೇ ಬಡಿಸಿಕೊಳ್ಳಬಹುದು. ನನಗೆ ಈ ವಸ್ತುವಿನ ಮೇಲೆ ಇಷ್ಟು ಪ್ರೀತಿ ಇರುವುದೂ ಇದಕ್ಕಾಗಿಯೇ.

ಮಾಡಿ ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಅಂಚಿನಿಂದ ಎರಡು ಬೆರಳು ಕೆಳಗಿನವರೆಗೆ ನೀರು ತುಂಬಿದ ಬಟ್ಟಲೊಂದನ್ನು ತಟ್ಟೆಯ ಹೊರ ಅಂಚಿನಲ್ಲಿ ಇಡಿ, ಉಳಿದ ಕಡೆ ಖಾಲಿ ಇರಲಿ. ಮನೆಯ ಮಕ್ಕಳನ್ನೂ ಹಿರಿಯರನ್ನೂ ಕರೆದು ತಿರುಗಿಸಿ ನೋಡಲು ಹೇಳಿ. ಚೆಲ್ಲಿದರೆ ಹಿಡಿತ ಹೆಚ್ಚು ಮಾಡಬೇಕು, ಹಿರಿಯರಿಗೆ ಒಂದು ಕೈಯಿಂದ ಆಗದಿದ್ದರೆ ಕಡಿಮೆ ಮಾಡಬೇಕು, ವಾಲಿದರೆ ಪೀಠ ಅಗಲ ಮಾಡಬೇಕು.

ಎಲ್ಲ ಮೇಜಿಗೂ ಇದು ಬೇಕು ಅಂತಲ್ಲ. ಉದ್ದನೆಯ ಮೇಜಿಗೆ ಹೊಂದುವುದಿಲ್ಲ, ತುದಿಯಲ್ಲಿ ಕೂತವರಿಗೆ ಎಟುಕುವುದಿಲ್ಲ. 110 ಸೆಂ.ಮೀ.ಗಿಂತ ಚಿಕ್ಕದಾದ ದುಂಡು ಮೇಜಿನಲ್ಲಿ ಎಲ್ಲರ ಕೈಗೂ ಎಲ್ಲವೂ ಸಿಗುತ್ತದೆ, ಅಲ್ಲಿ ತಿರುಗುತಟ್ಟೆ ಇಟ್ಟರೆ ಜಾಗ ಹಾಳು. ಆರು ಜನರಿಂದ ಹತ್ತು ಜನರವರೆಗಿನ ದುಂಡು ಮೇಜು ಇದ್ದರೆ ಮಾತ್ರ ಮಾಡಿಸಿ.